ಕೊಪ್ಪರಿಗೆಯ ತಳ

ದಾರ್ಸಿತಿಯ ಅಕ್ಕ ಸಾಯುವಾಗ ಅವಳಿಗೆ ಉಳಿದಿದ್ದದ್ದು ಒಂದೇ ಕಾಲು. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಸಕ್ಕರೆ ಕಾಯಿಲೆ ಅವಳನ್ನು ಕೆಳಗಿನಿಂದ ಮೇಲಕ್ಕೆ ತಿನ್ನುತ್ತ ಬಂದಿತ್ತು. ಹಾಗಾಗಿ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ವಿಂದಾರ್ತಿ ಬೆರಳು ಚುಚ್ಚಿ ನೋಡಿ, "ನಿಮಗೂ ಬಂದಿದೆಯಮ್ಮ," ಎಂದಾಗ ದಾರ್ಸಿತಿ ಬೇರೇನೂ ಕೇಳಲಿಲ್ಲ.

"ನನ್ನ ಕಾಲು ಉಳಿಯುತ್ತಾ?"

"ಉಳಿಯುತ್ತೆ. ತೂಕ ಇಳಿಸಿ, ಅನ್ನ ಕಮ್ಮಿ ಮಾಡಿ, ಸಿಹಿ ಪೂರ್ತಿ ಬಿಡಿ. ಮಾತ್ರೆ ತಪ್ಪಿಸ್ಬೇಡಿ. ಮುಂದಿನ ತಿಂಗಳು ಬಂದು ಮತ್ತೆ ರಕ್ತ ಕೊಡಿ."

ಜಾವಾ ದ್ವೀಪದ ಬಾನ್ಯುಮಾಸಿನ ಆ ಕಡೆ ಗಂಡಸರು ತೆಂಗು ಹತ್ತಿ ನೀರಾ ಇಳಿಸುತ್ತಾರೆ, ಹೆಂಗಸರು ಅದನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ. ದಾರ್ಸಿತಿಯ ಗಂಡ ರಸ್ಮುದಿ ಬೆಳಿಗ್ಗೆ ಸಂಜೆ ಬಿದಿರಿನ ಕೊಳವೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಮರದಿಂದ ಇಳಿದರೆ, ಅವಳ ಒಲೆ ಅಷ್ಟು ಹೊತ್ತಿಗೆ ಉರಿಯುತ್ತಿರಬೇಕು. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಒಂದು ನೇಮ ಹೇಳಿಕೊಟ್ಟಿದ್ದಳು. ಪಾಕವನ್ನು ಕರಟಗಳಿಗೆ ಹುಯ್ದ ಮೇಲೆ ಕೊಪ್ಪರಿಗೆಯ ತಳ ಕೆರೆದು, ಬಂದದ್ದನ್ನು ಕಲಕಿದವಳೇ ಬಾಯಿಗೆ ಹಾಕಿಕೊಳ್ಳಬೇಕು. ನೀರು ಹಾಕಿ ತೊಳೆದು ಚೆಲ್ಲಿದರೆ ಒಲೆ ಮುನಿಯುತ್ತದೆ, ನಾಳಿನ ಬೆಲ್ಲ ಗಟ್ಟಿಯಾಗುವುದಿಲ್ಲ. ಊರಿನ ಯಾವ ಹೆಂಗಸೂ ಅದನ್ನು ತಿನ್ನುವುದು ಎನ್ನುತ್ತಿರಲಿಲ್ಲ. ಒಲೆ ಊದಿದ ಹಾಗೆ, ಬೂದಿ ತೆಗೆದ ಹಾಗೆ ಅದೂ ಒಂದು ಕೆಲಸ.

ಉಳಿದದ್ದನ್ನೆಲ್ಲ ದಾರ್ಸಿತಿ ಬಿಟ್ಟಳು. ಹುಟ್ಟಿದಾಗಿನಿಂದ ಕುಡಿದ ಸಿಹಿ ಚಹಾ ಬಿಟ್ಟು ಬರೀ ಕಪ್ಪು ಚಹಾ ಕುಡಿದಳು. ಹುದುಗಿಸಿದ ಸೋಯಾ ಕಾಳಿನ ಬಿಸಿಬಿಸಿ ತೆಂಪೆ ಬಜ್ಜಿ ಬಿಟ್ಟಳು. ಸಂತರ್ಪಣೆಗೆ ಹೋದರೆ ಕಟ್ಟಿಕೊಟ್ಟ ಅನ್ನವನ್ನು ಹಾಗೇ ತಂದು ಗಂಡನ ಮುಂದಿಡುತ್ತಿದ್ದಳು. ಬೆಳಗಿನ ಬೆಲ್ಲವಾದ ಮೇಲೆ ಗದ್ದೆಯಂಚಿನಲ್ಲಿ ನಡೆದು ಮಸೀದಿಯ ಹಿಂದಿನ ಸ್ಮಶಾನದವರೆಗೆ ಹೋಗಿ, ಅಕ್ಕನ ಗೋರಿಯ ಮೇಲೆ ಉದುರಿದ ಎಲೆ ತೆಗೆದು ಬರುತ್ತಿದ್ದಳು.

ಮೈ ಇಳಿಯಿತು. ಮೊದಲು ಸೊಂಟ, ಆಮೇಲೆ ಕೆನ್ನೆ.

"ಏನೇ, ನೀನೂ ಗಂಡನ ಜೊತೆ ಮರ ಹತ್ತೋಕೆ ಹೊರಟಿದ್ದೀಯಾ?" ಎಂದಳು ಪಕ್ಕದ ಮನೆಯ ಸುಕೆಸಿ ಬೇಲಿಯಾಚೆಯಿಂದ. "ಹಿಂದಿನಿಂದ ನೋಡಿದ್ರೆ ಯಾವುದೋ ಮದುವೆಯಾಗದ ಹುಡುಗಿ ಹೋಗ್ತಿದ್ದಾಳೆ ಅನ್ಸುತ್ತೆ."

"ಹಿಂದಿನಿಂದಲೇ ನೋಡ್ತಿರು. ಮುಂದೆ ಬಂದ್ರೆ ಹಲ್ಲಿಲ್ಲದ್ದು ಕಾಣುತ್ತೆ."

ನಕ್ಕರೂ ಅವಳಿಗೆ ಒಳಗೆ ಹೆಮ್ಮೆ. ಮತ್ತೆ ರಕ್ತ ಕೊಡಲು ಹೋಗಲಿಲ್ಲ. ಸಡಿಲವಾದ ರವಿಕೆಯೇ ಸಾಕ್ಷಿ ಹೇಳುತ್ತಿರುವಾಗ ಬೆರಳು ಯಾಕೆ ಚುಚ್ಚಿಸಿಕೊಳ್ಳಬೇಕು? ಬಾಯಾರಿಕೆ ಇತ್ತು, ಆದರೆ ಒಲೆಯ ಮುಂದೆ ಯಾರಿಗೆ ಬಾಯಾರುವುದಿಲ್ಲ? ಬಚ್ಚಲ ಕಲ್ಲಿನ ಮೇಲೆ ಇರುವೆಯ ಸಾಲು ಇತ್ತು. ಬೆಲ್ಲದ ಮನೆಯಲ್ಲಿ ಇರುವೆ ಒಂದು ಸುದ್ದಿಯೇ ಅಲ್ಲ.

ಒಂದು ಸಂಜೆ ಪಾಕ ಹುಯ್ಯುವಾಗ ಸೌಟಿನಿಂದ ಒಂದಿಷ್ಟು ಜಾರಿ ಬಲಗಾಲಿನ ಮೇಲೆ ಬಿತ್ತು. ಪಾಕ ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಅಂಟು, ಬಿದ್ದಲ್ಲಿಂದ ಸರಿಯುವುದಿಲ್ಲ. ಹಬೆಯಲ್ಲಿ ಅವಳಿಗೆ ಅದು ಕಾಣಲಿಲ್ಲ, ಕಾಲಿಗೂ ತಿಳಿಯಲಿಲ್ಲ. ಅವಳು ತಳ ಕೆರೆದು ಬಾಯಿಗೆ ಹಾಕಿಕೊಂಡು, ಒಲೆ ಆರಿಸಿ ಎದ್ದಳು. ಜಗಲಿಯಲ್ಲಿ ಚಪ್ಪಲಿ ಬಿಡಲು ಹೋದರೆ ಅದರ ಜೊತೆ ಚರ್ಮವೂ ಬಂತು.

"ಉರಿಯುತ್ತಾ?" ರಸ್ಮುದಿ ಗಾಬರಿಯಾದ.

"ಇಲ್ಲ ಕಣ್ರೀ," ಎಂದಳು. ಆಗಲೇ ಅವಳ ಮುಖ ಬಿಳಿಚಿತ್ತು. ಅಕ್ಕನೂ ಹೆಬ್ಬೆರಳಿಗೆ ಗಾಯವಾದ ಮೊದಲ ದಿನ ಹೀಗೇ ಹೇಳಿದ್ದಳು.

ಗಂಡ ಕೊಬ್ಬರಿ ಎಣ್ಣೆ ಹಚ್ಚಿ ಎಲೆ ಕಟ್ಟಿದ. ಕಾಲ್ಬೆರಳು ಕಪ್ಪಾಗಿ ವಾಸನೆ ಬಂದ ಮೇಲೆ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ರಕ್ತದ ಫಲಿತಾಂಶ ನೋಡಿ ಕೇಳಿದರು, "ದಿನಾ ಏನೇನು ತಿಂತೀರಿ?"

ದಾರ್ಸಿತಿ ಪಾಠ ಒಪ್ಪಿಸುವಂತೆ ಹೇಳಿದಳು. ಒಂದೂ ಸುಳ್ಳಲ್ಲ.

"ಹಾಗಾದ್ರೆ ಇಷ್ಟೊಂದು ಸಕ್ಕರೆ ಎಲ್ಲಿಂದ ಬಂತಮ್ಮ?"

ಅವಳು ಗಂಡನನ್ನು ನೋಡಿದಳು. ರಸ್ಮುದಿ ಟೋಪಿ ತೆಗೆದು ಕೈಯಲ್ಲಿ ತಿರುವುತ್ತಿದ್ದ. "ತಳ ಕೆರೆಯೋದೊಂದಿದೆ. ಆದ್ರೆ ಅದು ತಿನ್ನೋದಲ್ಲ ಡಾಕ್ಟ್ರೇ, ಅದು ಕೆಲಸ."

"ಎಷ್ಟು ಬರುತ್ತೆ?"

ದಾರ್ಸಿತಿ ಅಂಗೈ ಬಟ್ಟಲು ಮಾಡಿ ತೋರಿಸಿದಳು. "ಇಷ್ಟು. ಎರಡು ಹೊತ್ತೂ."

ಡಾಕ್ಟರು ಆ ಅಂಗೈಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡರು.

"ಆದ್ರೆ ಮೈ ಇಳಿದಿದೆಯಲ್ಲ," ಎಂದಳು, ದನಿ ಸಣ್ಣದು ಮಾಡಿ.

"ಸಕ್ಕರೆ ರಕ್ತದಲ್ಲೇ ನಿಂತ್ರೆ ಮೈಗೆ ಊಟ ಸಿಗಲ್ಲ. ಆಗ ಅದು ತನ್ನನ್ನೇ ಕರಗಿಸಿಕೊಂಡು ತಿನ್ನುತ್ತೆ. ನೀವು ಇಳಿಸಿದ್ದು ಸ್ವಲ್ಪ. ಬಾಕಿಯದನ್ನು ಕಾಯಿಲೆಯೇ ಇಳಿಸಿದೆ."

ಅರ್ಧ ಪಾದ ತೆಗೆದರು. ಉಳಿದರ್ಧ ಉಳಿಯುತ್ತದೋ ಇಲ್ಲವೋ ಎಂದು ಯಾರೂ ಮಾತು ಕೊಡಲಿಲ್ಲ.

ಗಾಯ ಮಾಯುವವರೆಗೆ ಸುಕೆಸಿ ಎರಡೂ ಮನೆಯ ನೀರಾ ಕಾಯಿಸಿದಳು. ದಾರ್ಸಿತಿ ಒಲೆಯ ಮುಂದೆ ಮತ್ತೆ ಬಂದು ಮಣೆಯ ಮೇಲೆ ಕೂತ ದಿನ ರಸ್ಮುದಿ ಬಾಗಿಲಲ್ಲೇ ನಿಂತಿದ್ದ. ಪಾಕ ಹುಯ್ದಾಯಿತು. ತಳದಲ್ಲಿ ಹೊಂಬಣ್ಣದ ಪದರ ಹೊಳೆಯುತ್ತಿತ್ತು.

"ನಾನು ತಿನ್ಲಾ?" ಎಂದ.

"ಕಲಕಿದವಳು ನಾನು," ಎಂದಳು. ಚೊಂಬಿನ ನೀರನ್ನು ಕೊಪ್ಪರಿಗೆಗೆ ಸುರಿದಳು. ತಳ ಚುಯ್ಯೆಂದಿತು. ಉಜ್ಜಿ ತೊಳೆದು ಗಂಡನ ಕೈಯಲ್ಲಿ ಹಿತ್ತಿಲಿಗೆ ಚೆಲ್ಲಿಸಿದಳು.

ಮರುದಿನದ ಬೆಲ್ಲ ಗಟ್ಟಿಯಾಗದಿರಲಿ ಎಂದು ಅವಳು ಯಾರಿಗೂ ಹೇಳದೆ ಬೇಡಿಕೊಂಡಳು. ಒಂದೇ ಒಂದು ಸಲ ಅತ್ತೆಯ ಮಾತು ನಿಜವಾಗಲಿ. ಕಾಲು ಕೊಟ್ಟದ್ದಕ್ಕೆ ಒಂದು ಕಾರಣವಾದರೂ ಇರಲಿ.

ಮರುದಿನ ಪಾಕ ಹುಯ್ದು, ಆರಲು ಬಿಟ್ಟು, ಒಂದು ಕರಟ ಎತ್ತಿ ನೆಲಕ್ಕೆ ತಟ್ಟಿದಳು. ಬೆಲ್ಲ ಅಂಚು ಮುರಿಯದೆ ದುಂಡಗೆ, ಎಂದಿನಷ್ಟೇ ಗಟ್ಟಿಯಾಗಿ ಹೊರಬಿತ್ತು. ಇನ್ನೊಂದು ತಟ್ಟಿದಳು. ಅದೂ ಹಾಗೇ. ಒಂದೊಂದಾಗಿ ಎಲ್ಲವನ್ನೂ ತಟ್ಟಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.