ರುಚಿ ನೋಡುವ ದೂಜ

ಸಯನ್ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡಿಕಾಕ್ಷನ್ ಇಳಿಸುತ್ತಿದ್ದ ದೂಜ ಕಾಫಿ ಕುಡಿಯುತ್ತಿರಲಿಲ್ಲ. ಕುಡಿದರೆ ಮುಂದೆ ಎದೆ ಕೆಡುತ್ತದೆಂದು ನಂಬಿದ್ದ. ಹದಿನೇಳನೇ ವಯಸ್ಸಿಗೆ ಊರಿನಿಂದ ಬಂದು, ಕಪ್ಪು ಬಸಿ ತೊಳೆದು, ದೋಸೆಕಲ್ಲಿನ ಮುಂದೆ ಬೆವರಿ, ಕೊನೆಗೆ ಫಿಲ್ಟರಿನ ಹತ್ತಿರ ನಿಂತವನು. ಅಲ್ಲಿಂದ ಕದಲುವ ಆಸೆ ಅವನಿಗಿರಲಿಲ್ಲ.

೧೯೭೩ರ ಮಾರ್ಚಿನಲ್ಲಿ ಅವನ ಎದೆ ಢವಢವ ಹೊಡೆದುಕೊಳ್ಳತೊಡಗಿತು.

"ಎದೆ ಗಟ್ಟಿ ಇಲ್ಲದವನನ್ನು ಒಲೆಯ ಹತ್ತಿರ ನಿಲ್ಲಿಸುವುದು ಹೇಗೆ ಮಾರಾಯ?" ಎಂದರು ಧಣಿ ಶೇಖರಣ್ಣ. "ಡಾಕ್ಟ್ರು ಬೇಡ ಅಂದರೆ ಊರಿಗೆ ಹೋಗಿ ಆರಾಮ ಇರು."

ಆರಾಮ ಎಂಬ ಮಾತಿಗೇ ಎದೆ ಇನ್ನಷ್ಟು ಹೊಡೆದುಕೊಂಡಿತು.

ಪಕ್ಕದ ಬಿಲ್ಡಿಂಗಿನ ಡಾಕ್ಟರ್ ಬಸವಂತರಾಯರು ಗುಲ್ಬರ್ಗ ಕಡೆಯವರು. "ದಿನಕ್ಕ ಎಷ್ಟು ಕಪ್ ಕಾಫಿ ಕುಡೀತಿ?" ಎಂದು ಕೇಳಿದರು.

"ಕಾಫಿ ಕುಡಿಯುವ ಕ್ರಮವೇ ಇಲ್ಲ ಡಾಕ್ಟ್ರೇ."

ಪರೀಕ್ಷೆಯಲ್ಲಿ ಬೇರೆ ದೋಷವೇನೂ ಕಾಣಲಿಲ್ಲ. "ಕಾಫಿಗೆ ಇಷ್ಟ್ಯಾಕ ಅಂಜತಿ? ದಿನಕ್ಕ ಎರಡು ಕಪ್ ಕುಡದ್ರ ಏನೂ ಆಗಂಗಿಲ್ಲ."

ದೂಜ ಇದನ್ನು ಮದ್ದೆಂದೇ ತಿಳಿದ. ಮರುದಿನದಿಂದ ಊಟದ ಮೇಲೊಂದು, ಸಂಜೆಗೊಂದು ಕಪ್ಪು ಒಂದೇ ಉಸಿರಿಗೆ ಕುಡಿದ. ಎದೆಬಡಿತ ಜಾಸ್ತಿಯಾಯಿತು.

ಹತ್ತನೇ ದಿನ ಡಾಕ್ಟರೇ ಹೋಟೆಲಿಗೆ ಬಂದು ಫಿಲ್ಟರಿನ ಪಕ್ಕದ ಮೇಜಿಗೆ ಕೂತರು. ದೂಜ ಹೊಸ ಡಿಕಾಕ್ಷನ್ನನ್ನು ಕಾಲು ಲೋಟ ಬಗ್ಗಿಸಿ ಗಂಟಲಿಗೆ ಸುರಿದುಕೊಂಡ.

"ಏ ದೂಜ, ಕುಡಿಯೂದಿಲ್ಲ ಅಂದಿದ್ದಿ!"

"ಇದು ಕುಡಿಯುವುದಲ್ಲ, ರುಚಿ ನೋಡುವುದು. ನೋಡದೆ ಜನರಿಗೆ ಕೊಡಲಿಕ್ಕುಂಟಾ?"

"ದಿನಕ್ಕ ಎಷ್ಟು ಸಲ?"

"ಫಿಲ್ಟರ್ ಇಳಿದಷ್ಟು ಸಲ. ಹದಿನೆಂಟು. ಮತ್ತೆ ನಿಮ್ಮ ಮದ್ದು ಎರಡು ಕಪ್. ಒಂದು ದಿನವೂ ತಪ್ಪಿಸಲಿಲ್ಲ."

ಡಾಕ್ಟರು ಹಣೆ ಹಿಡಿದುಕೊಂಡರು. ಕಾಲು ಲೋಟಕ್ಕೆ ನಲವತ್ತು ಮಿಲಿಲೀಟರ್ ಹಿಡಿದರೂ ಹದಿನೆಂಟಕ್ಕೆ ಏಳುನೂರ ಇಪ್ಪತ್ತು. ಅದೂ ಹಾಲು ಸೋಂಕದ ಡಿಕಾಕ್ಷನ್.

"ಎಲ್ಲಾ ಬಂದ್!"

ಎರಡು ದಿನ ದೂಜ ಬರೀ ವಾಸನೆಯ ಅಂದಾಜಿನಲ್ಲಿ ಕಾಫಿ ಕೊಟ್ಟ. ತಲೆ ಸಿಡಿಯಿತು, ಎದೆಬಡಿತ ಇಳಿಯಿತು, ಗಿರಾಕಿಗಳ ಗೊಣಗಾಟ ಏರಿತು. ಶೇಖರಣ್ಣ ಬೇರೆಯವರನ್ನು ಹುಡುಕುವ ಮಾತು ತೆಗೆದರು. ಮೂರನೇ ದಿನ ಡಾಕ್ಟರು ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಇದು ಬೇವಿನ ಕಷಾಯ ಆಗ್ಯದಲ್ಲೋ!"

ಅಲ್ಲೇ ಚೀಟಿ ಬರೆದರು: ಪ್ರತಿ ಫಿಲ್ಟರಿಗೆ ಒಂದು ಚಹದ ಚಮಚ, ಹೆಚ್ಚಿಲ್ಲ. ದಿನಕ್ಕೆ ಒಟ್ಟು ತೊಂಬತ್ತು ಮಿಲಿಲೀಟರ್. ಅಷ್ಟನ್ನು ದೂಜನ ಎದೆ ತಡೆದುಕೊಂಡಿತು. ಕಾಫಿ ಮತ್ತೆ ಕಾಫಿಯಾಯಿತು, ಫಿಲ್ಟರ್ ಅವನ ಕೈಯಲ್ಲೇ ಉಳಿಯಿತು.

ತಿಂಗಳಾದ ಮೇಲೆ ಒಂದು ಸಂಜೆ ದೂಜ ಕೇಳಿದ: "ನೀವು ದಿನಕ್ಕೆ ಎಷ್ಟು ಕಪ್ ಡಾಕ್ಟ್ರೇ?"

"ನಾನಾ? ಎರಡ," ಎಂದು ಬಸವಂತರಾಯರು ಅಂದಿನ ಮೂರನೇ ಕಪ್ಪನ್ನು ಖಾಲಿ ಮಾಡಿ ಮುಂದೆ ತಳ್ಳಿದರು.

ದೂಜ ನಗದೆ ನಾಲ್ಕನೆಯದನ್ನು ತುಂಬಿಸಿ ಇಟ್ಟ.

"ಇದು ಕುಡಿಯುವುದಲ್ಲ. ರುಚಿ ನೋಡಿ."