ಹಬ್ಬದ ದಿನ ಇಡದ ಬಾಣಲೆ

ಗಣೇಶನ ಹಬ್ಬಕ್ಕೆ ಮೂರು ವಾರ ಮೊದಲು ನನ್ನ ಗಂಡನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಕರಿದದ್ದನ್ನು ಮುಟ್ಟಲೇಬಾರದು ಅಂತ ಡಾಕ್ಟರು ನಮ್ಮತ್ತೆಯ ಎದುರಿಗೇ ಹೇಳಿದ್ದರು. ಅತ್ತೆಗೆ ಕಿವಿ ಚೆನ್ನಾಗೇ ಕೇಳುತ್ತದೆ. ಅದಕ್ಕೇ ಈ ಸಲ ಗಾಂಧಿ ಬಜಾರಿನಿಂದ ಸೇಬು ತಂದು, ತುರಿದು, ಬೆಲ್ಲ, ಏಲಕ್ಕಿ ಹಾಕಿ ಬಾಡಿಸಿ, ಕಡುಬಿನೊಳಗೆ ತುಂಬಿ ಓವನ್ನಿನಲ್ಲಿ ಬೇಯಿಸಿದೆ. ಘಮ ಬೀದಿಬಾಗಿಲವರೆಗೂ ಹೋಗಿತ್ತು.

ಅತ್ತೆ ಬಂದು ಟ್ರೇ ನೋಡಿದರು, ಖಾಲಿ ಒಲೆ ನೋಡಿದರು. ನಮ್ಮಲ್ಲಿ ಬಾಣಲೆ ಇಡದೇ ಇರುವುದು ಸಾವಾದ ಮನೆಯಲ್ಲಿ ಮಾತ್ರ.

"ಹಬ್ಬದ ದಿನ ಬಾಣಲೆ ಇಟ್ಟಿಲ್ವಲ್ಲ, ಈ ಮನೇಲಿ ಯಾರು ಸತ್ತಿದಾರೆ?"

"ಇನ್ನೂ ಯಾರೂ ಸತ್ತಿಲ್ಲ ಅತ್ತೆ. ಸಾಯಬಾರ್ದು ಅಂತಲೇ ಇಟ್ಟಿಲ್ಲ."

ಸಾವಿನ ಮಾತು ತೆಗೆದವರು ಅವರು, ಅಪಶಕುನ ನುಡಿದವಳು ಅಂತ ಬೈಸಿಕೊಂಡವಳು ನಾನು. ಬೈಯುತ್ತಲೇ ಬಾಣಲೆಗೆ ಎಣ್ಣೆ ಸುರಿದು ಒಂದು ತಟ್ಟೆ ಕಾಯಿಕಡುಬು ಕರಿದರು. ನನ್ನ ಗಂಡ ನನ್ನ ಟ್ರೇಯತ್ತ ತಿರುಗಿಯೂ ನೋಡಲಿಲ್ಲ. ಸ್ಟೆಂಟ್ ಹಾಕಲು ಮಣಿಕಟ್ಟಿನಲ್ಲಿ ಚುಚ್ಚಿದ್ದ ಗಾಯ ಇನ್ನೂ ಮಾಸಿರಲಿಲ್ಲ. ಅದೇ ಕೈಯನ್ನು ಅಮ್ಮನ ತಟ್ಟೆಗೆ ಚಾಚಿದ.

"ನಿಧಾನ ಕಣೋ, ಬಿಸಿ ಇದೆ," ಅಂದರು ಅತ್ತೆ. "ನಾಲಿಗೆ ಸುಟ್ಟೀತು."