ತ್ಯಾಂಪಣ್ಣನ ಎತ್ತು ನೆಕ್ಕಿದ ಕಾಗದ

ಸವಣೂರಿನ ತ್ಯಾಂಪಣ್ಣ ಸುಳ್ಳು ಹೇಳುವುದಿಲ್ಲ. ಅದು ಅವನ ದೊಡ್ಡ ಗುಣ ಎಂದು ಊರವರು ಹೇಳುತ್ತಾರೆ. ಅವನ ಜೊತೆ ಸರಕಾರಿ ಕಚೇರಿಗೆ ಹೋಗಿ ಬಂದವನು ನಾನು. ಅದೊಂದು ಕಾಯಿಲೆ ಎಂದು ನಾನು ಹೇಳುತ್ತೇನೆ.

ಅವನದು ಎತ್ತಿನ ಗಾಡಿ. ಪುತ್ತೂರಿನಿಂದ ನಮ್ಮೂರ ಅಂಗಡಿಗಳಿಗೆ ಉಪ್ಪು, ಬೆಲ್ಲ, ಚಿಮಿಣಿ ಎಣ್ಣೆ ತರುವುದು ಕೆಲಸ. ತಡವಾದರೆ ಬೇರೆ ಗಾಡಿಯವರು ಚಕ್ರ ಕಳಚಿತು ಎನ್ನುತ್ತಾರೆ. ಇವನು, "ನನಗೆ ನಿದ್ದೆ ಬಂತು, ಎತ್ತುಗಳೂ ನಿಂತವು" ಎನ್ನುತ್ತಾನೆ.

ಐವತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಅವನ ಬಲಗಡೆಯ ಎತ್ತು ಹೊಟ್ಟೆ ಉಬ್ಬರಿಸಿ ಸತ್ತಿತು. ಎಡಗಡೆಯ ಬಿಳಿ ಎತ್ತು ಬೊಳ್ಳ ಒಂದೇ ಉಳಿಯಿತು. ಒಂಟಿ ಎತ್ತಿಗೆ ಆ ಗಾಡಿ ಹೋಗುವುದಿಲ್ಲ, ಜೋಡಿ ತರಲು ಇನ್ನೂರು ರೂಪಾಯಿ ಬೇಕು. ಎರಡು ತಿಂಗಳು ಕಾದು, ಬೊಳ್ಳನನ್ನೂ ಮಾರಿ ಕೂಲಿಗೆ ಹೋಗುವುದೆಂದು ನಿಶ್ಚಯಿಸಿದ. ಕರುವಾಗಿದ್ದಾಗಿನಿಂದ ಸಾಕಿದ ಎತ್ತು ಅದು. ಸೋಮವಾರದ ಪುತ್ತೂರು ಸಂತೆಗೆ ಹೊರಟಾಗ ನನ್ನನ್ನೂ ಕರೆದ. ದಲ್ಲಾಳಿಗಳ ಹತ್ತಿರ ಬೊಬ್ಬೆ ಹಾಕಲು ಒಬ್ಬ ಬೇಕಲ್ಲ. ನಾನು ಸೈಕಲ್ ಅಂಗಡಿಯವನು, ಓದಿದ್ದು ಮೂರನೇ ಕ್ಲಾಸು, ಸಿಟ್ಟಿನಲ್ಲಿ ಮಾತ್ರ ಬಿ.ಎ.

ದಾರಿಯಲ್ಲಿ ಒಂದು ಸರಕಾರಿ ಕಚೇರಿ. ಯಾವುದೆಂದು ಹೇಳುವುದಿಲ್ಲ. ಅಲ್ಲಿಯ ಹೆಡ್ ಗುಮಾಸ್ತರು ಈಗ ಪಿಂಚಣಿ ತೆಗೆದುಕೊಂಡು ನಮ್ಮೂರಲ್ಲೇ ಇದ್ದಾರೆ, ಅದು ನಿಲ್ಲುವುದು ಬೇಡ. ಕಚೇರಿಯ ಗೋಡೆಗೆ ಗಂಜಿ ಅಂಟಿನಲ್ಲಿ ಆಗಷ್ಟೇ ಒಂದು ಕಾಗದ ಹಚ್ಚಿದ್ದರು. ಬೊಳ್ಳ ನೇರ ಹೋಗಿ ಅದನ್ನು ನೆಕ್ಕತೊಡಗಿತು. ಹಗ್ಗ ಎಳೆದರೂ ಬರಲಿಲ್ಲ. ದಂಡ ಹಾಕಿಯಾರೆಂದು ಹೆದರಿ ನಾನು ಅದರ ಬಾಯಿಯಿಂದ ಕಾಗದ ಕಿತ್ತುಕೊಳ್ಳುವಾಗ ಕಾಲುಭಾಗ ಹೊಟ್ಟೆಗೆ ಹೋಗಿತ್ತು. ಉಳಿದದ್ದು ಯುದ್ಧದಲ್ಲಿ ಸತ್ತ ಮಿಲಿಟರಿಯವರ ಪಟ್ಟಿ. ಯಾರೂ ಕೇಳಿಕೊಂಡು ಬಾರದ ಸಂಬಳ ಸರಕಾರದ ಹತ್ತಿರ ಬಿದ್ದಿದೆ, ವಾರಸುದಾರರು ತಿಂಗಳೊಳಗೆ ಬರಬೇಕು ಎಂದಿತ್ತು. ಕೊನೆಯಿಂದ ಎರಡನೆಯ ಸಾಲು: ಬೋಜ, ಲಾರಿ ಡ್ರೈವರ್, ಸವಣೂರು, ಇನ್ನೂರ ಹನ್ನೆರಡು ರೂಪಾಯಿ.

"ತ್ಯಾಂಪಣ್ಣ, ಇದು ನಿನ್ನ ತಮ್ಮ ಅಲ್ವಾ ಮಾರಾಯ?"

ತ್ಯಾಂಪಣ್ಣ ಆ ಸಾಲಿನ ಮೇಲೆ ಬೆರಳಿಟ್ಟು ಹೌದೆಂದ. ಬೋಜ ನಲ್ವತ್ತನಾಲ್ಕರಲ್ಲಿ ಬರ್ಮಾದ ಕಡೆ ಜ್ವರ ಬಂದು ಸತ್ತಿದ್ದ. ಸತ್ತ ಸುದ್ದಿ ಮನೆಗೆ ಬಂದಿತ್ತು, ಹಣದ ಸುದ್ದಿ ಬಂದಿರಲಿಲ್ಲ.

ಒಳಗಿನ ಗುಮಾಸ್ತ ಘಟ್ಟದ ಮೇಲಿನವನು, ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ಮೇಲೆ ವರ್ಗವಾಗಿ ಬಂದವನು. ಫಾರಂ ತೆಗೆದ. ತಂದೆ ತಾಯಿ ಇಲ್ಲ, ಅಣ್ಣ ಇದ್ದಾನೆ ಎಂಬಲ್ಲಿವರೆಗೆ ಎಲ್ಲ ಸರಿಯಾಗಿಯೇ ನಡೆಯಿತು.

"ಮೃತನಿಗೆ ಮದುವೆ ಆಗಿತ್ತೇನ್ರಿ?"

ನಾನು "ಇಲ್ಲ" ಎನ್ನುವಷ್ಟರಲ್ಲಿ ತ್ಯಾಂಪಣ್ಣ, "ಆಗಿದೆ ಸ್ವಾಮಿ" ಎಂದ.

"ಯಾವಾಗ?"

"ಐವತ್ತೊಂದರಲ್ಲಿ."

ಗುಮಾಸ್ತ ಪೆನ್ನು ಎತ್ತಿದ. "ಸತ್ತಿದ್ದು ನಲವತ್ನಾಲ್ಕು ಅಂದ್ರಲ್ರೀ?"

"ಹೌದು. ಸತ್ತು ಏಳು ವರ್ಷ ಆದ ಮೇಲೆ ಮದುವೆ."

"ಹುಡುಗಿ ಒಪ್ಪಿದ್ಲಾ?"

"ಅವಳೂ ಸತ್ತಿದ್ದಳು ಸ್ವಾಮಿ."

ಘಟ್ಟದ ಮೇಲಿನವನಿಗೆ ಕುಲೆ ಮದುವೆ ಎಲ್ಲಿ ಗೊತ್ತು? ನಮ್ಮಲ್ಲಿ ಮದುವೆಯಾಗದೆ ಸತ್ತವರು ಕುಲೆಗಳಾಗಿ ಮನೆಯಲ್ಲೇ ತಿರುಗುತ್ತಾರೆ, ಒಡಹುಟ್ಟಿದವರ ಮದುವೆಗೆ ಅಡ್ಡ ಬರುತ್ತಾರೆ. ತ್ಯಾಂಪಣ್ಣನ ತಂಗಿ ಸುಂದರಿಗೆ ಮೂರು ಸಂಬಂಧ ತಪ್ಪಿದಾಗ ಇದು ಬೋಜನದೇ ಕೆಲಸ ಎಂದು ತಿಳಿಯಿತು. ಗುತ್ತಿಗಾರಿನ ಬೆಳ್ಯಪ್ಪನ ಮಗಳು ಅಕ್ಕು ನಾಲ್ಕು ವರ್ಷದವಳಿದ್ದಾಗ ತೀರಿಕೊಂಡಿದ್ದಳು. ಬದುಕಿದ್ದರೆ ಪ್ರಾಯ ಸರಿಹೋಗುತ್ತಿತ್ತು, ಬಳಿಯೂ, ಅಂದರೆ ಗೋತ್ರವೂ, ಬೇರೆ. ಸೀರೆ, ಕರಿಮಣಿ, ಊಟ ಎಲ್ಲ ಇಟ್ಟು ಇಬ್ಬರಿಗೂ ಮದುವೆ ಮಾಡಿಸಿದರು. ಮರುವರ್ಷವೇ ಸುಂದರಿಯ ಮದುವೆಯೂ ಆಯಿತು.

"ಹೆಂಡ್ತಿ ಇದ್ದಾಳೆ ಅಂದ್ರೆ ಅವಳ ಸಹಿ ಬೇಕು," ಎಂದ ಗುಮಾಸ್ತ. "ಇಲ್ದಿದ್ರೆ ಅವಳ ಕಡೆಯವರ ಒಪ್ಪಿಗೆ ಪತ್ರ. ಅದಿಲ್ದೆ ಹಣ ಇಲ್ಲ."

ನಾನು ಮೇಜಿಗೆ ಗುದ್ದಿದೆ. ಶಾಯಿ ಕುಡಿಕೆ ಫಾರಂ ಮೇಲೆ ಮಗುಚಿತು. ನಮ್ಮನ್ನು ಹೊರಗೆ ಹಾಕಿದರು.

"ಇಲ್ಲ ಅಂದಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು?"

"ಇನ್ನೂರು ಜನ ಉಂಡ ಮದುವೆ ಅದು. ಬೋಜನಿಗೆ ಕೇಳುದಿಲ್ವಾ? ನಾಳೆ ಪುನಃ ಬಂದು ಮನೆಯಲ್ಲಿ ಕೂತರೆ ನೀನು ನೋಡಿಕೊಳ್ತೀಯಾ?"

ಆ ದಿನ ಬೊಳ್ಳನನ್ನು ಮಾರಲಿಲ್ಲ. ಎರಡು ದಿನ ಬಿಟ್ಟು ಗುತ್ತಿಗಾರಿಗೆ ಹೋದೆವು. ಬೆಳ್ಯಪ್ಪ ಎಲೆ ಜಗಿಯುತ್ತ ಎಲ್ಲ ಕೇಳಿ, ಅಂಗಳಕ್ಕೆ ಉಗಿದು ಬಂದು ಕೂತ.

"ಹಾಗಾದ್ರೆ ನನ್ನ ಅಳಿಯನ ಸಂಬಳ ಬಂತು ಅಂತಾಯ್ತು."

"ಹೌದು ಮಾವ."

"ಹೆಂಡತಿಗೆ ಪಾಲಿಲ್ವಾ? ಮದುವೆ ಕಳೆದ ಮೇಲೆ ನೀವು ಒಂದು ಸೀರೆ ಕೊಟ್ಟದ್ದು ನನಗೆ ನೆನಪಿಲ್ಲ."

ನನಗೆ ತಡೆಯಲಾಗಲಿಲ್ಲ. "ಉಡುದು ಯಾರು, ನೀವಾ?"

"ಇವರು ಯಾವ ಕಡೆಯ ನೆಂಟರು?"

"ನೆಂಟ ಅಲ್ಲ ಮಾವ, ಬೊಬ್ಬೆಗೆ ಅಂತ ಕರಕೊಂಡು ಬಂದದ್ದು," ಎಂದ ತ್ಯಾಂಪಣ್ಣ. "ನೀವು ಹೇಳಿದ್ದು ಸರಿ. ಅರ್ಧ ಅವಳದ್ದೇ."

ನಾನು ಅವನ ತೊಡೆ ಚಿವುಟಿದೆ. ಅರ್ಧ ಕೊಟ್ಟರೆ ಎತ್ತು ಬರುವುದಿಲ್ಲ. ಅದನ್ನೂ ಅವನೇ ಹೇಳಿಬಿಟ್ಟ: ಸತ್ತ ಎತ್ತು, ಒಂಟಿ ಬೊಳ್ಳ, ಸಂತೆ, ಕೂಲಿ. ಬೆಳ್ಯಪ್ಪ ಇನ್ನೊಂದು ಎಲೆಗೆ ಸುಣ್ಣ ಹಚ್ಚಿದ.

"ಎತ್ತು ತೆಗಿ. ಅರ್ಧ ಎತ್ತು ಅಕ್ಕುವಿನದ್ದು. ಯಾವ ಅರ್ಧ ಅಂತ ನೋಡಿದ ಮೇಲೆ ಹೇಳ್ತೇನೆ."

ಪತ್ರ ಬರೆದದ್ದು ನಾನೇ. 'ನಾಲ್ಕನೇ ವರ್ಷದಲ್ಲಿ ತೀರಿಕೊಂಡ ನನ್ನ ಮಗಳು ಅಕ್ಕುವಿಗೆ, ತನ್ನ ಗಂಡನ ಸಂಬಳವನ್ನು ಭಾವನವರು ತೆಗೆದುಕೊಳ್ಳುವುದರಲ್ಲಿ ಏನೂ ತಕರಾರಿಲ್ಲ.' ಬೆಳ್ಯಪ್ಪ ಹೆಬ್ಬೆಟ್ಟು ಒತ್ತಿದ.

ಗುಮಾಸ್ತ ಅದನ್ನು ಎರಡು ಸಲ ಓದಿ, ಬೆಂಕಿ ಹಿಡಿದವನ ಹಾಗೆ ಹೆಡ್ ಗುಮಾಸ್ತರ ಬಳಿಗೆ ಓಡಿದ. ಅವರು ನಮ್ಮ ಕಡೆಯವರು. ಓದುತ್ತ ತುಟಿ ಕಚ್ಚಿಕೊಂಡರು. "ಸರಿ ಉಂಟು" ಎಂದು ಹೊಸ ಫಾರಂನಲ್ಲಿ ಇಂಗ್ಲಿಷಿನಲ್ಲಿ ಒಂದು ಶಬ್ದ ಬರೆದರು.

ನಾನು ಬಗ್ಗಿ ಕೇಳಿದೆ, "ಎಂತ ಬರೆದದ್ದು?"

"ಅವಿವಾಹಿತ ಅಂತ," ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು. "ಮೇಲಿನವರಿಗೆ ಕುಲೆ ಅರ್ಥ ಆಗುದಿಲ್ಲ. ಬಾಯಿ ಮುಚ್ಚು."

ಹೊರಗೆ ಬಂದಾಗ ತ್ಯಾಂಪಣ್ಣ ಅದನ್ನೇ ಕೇಳಿದ. "ಮದುವೆ ಆಗಿದೆ ಅಂತ ಬರೆದಿದ್ದಾರೆ" ಎಂದೆ.

ಹಣ ಮೂರು ತಿಂಗಳಿಗೆ ಬಂತು. ಕೆಂಚು ಬಣ್ಣದ ಎತ್ತು ತಂದ. ಬೆಳ್ಯಪ್ಪ ಬಂದು ಅದರ ಸುತ್ತ ಒಂದು ಸುತ್ತು ಹಾಕಿ, "ಎಡ ಬದಿ ಅಕ್ಕುವಿನದ್ದು. ಸಣ್ಣ ಮಗು. ಆ ಬದಿಗೆ ಬಾರುಕೋಲು ಮುಟ್ಟಿಸಬೇಡ" ಎಂದ.

ತ್ಯಾಂಪಣ್ಣ ಇಂದಿಗೂ ಮುಟ್ಟಿಸಿಲ್ಲ. ಪೆಟ್ಟೆಲ್ಲ ಬಲಕ್ಕೆ ಬೀಳುವುದರಿಂದ ಕೆಂಚ ಎಡಕ್ಕೆ ತಳ್ಳುತ್ತದೆ, ಜೊತೆಗೆ ಬೊಳ್ಳನೂ ವಾಲುತ್ತದೆ, ಗಾಡಿ ಚರಂಡಿಯ ಅಂಚಿನಲ್ಲಿಯೇ ಊರು ಸೇರುತ್ತದೆ. ಸರಕಾರ ಹೇಳಿದ ಹಾಗೆ ಎಡಗಡೆ ಬಿಡದೆ ಹೋಗುವ ಗಾಡಿ ಈ ರಸ್ತೆಯಲ್ಲಿ ಅದೊಂದೇ ಎಂದು ಪೋಲೀಸರು ಹೊಗಳುತ್ತಾರೆ.

ನನ್ನ ಸೈಕಲ್ಲು ಮಾತ್ರ ಅಂದಿನಿಂದ ತಿಂಗಳಿಗೊಮ್ಮೆ ಪಂಕ್ಚರ್. ಅದು ನನ್ನ ಎತ್ತಿನ ಲಾಳದ ಮೊಳೆ ಎನ್ನುತ್ತಾನೆ ತ್ಯಾಂಪಣ್ಣ. ನನಗೆ ಗೊತ್ತು ಯಾರ ಕೆಲಸವೆಂದು. ಕಳೆದ ದೀಪಾವಳಿಗೆ ಬೋಜನ ಹೆಸರಿನಲ್ಲಿ ಎಲೆ ಹಾಕಿ, ಬಡಿಸಿ, "ಮಾರಾಯ, ಅವಿವಾಹಿತ ಅಂತ ಬರೆದದ್ದು ನಾನಲ್ಲ, ಹೆಡ್ ಗುಮಾಸ್ತರು" ಎಂದು ಸತ್ಯ ಹೇಳಿಬಿಟ್ಟೆ.

ಮರುವಾರ ಹೆಡ್ ಗುಮಾಸ್ತರು ತಮ್ಮ ಸೈಕಲ್ಲು ತಳ್ಳಿಕೊಂಡು ನನ್ನ ಅಂಗಡಿಗೆ ಬಂದರು. ಎರಡೂ ಚಕ್ರ ಪಂಕ್ಚರ್.